ಕೂತು ನೋಡುವ ಕೆಲಸ

ಸೋಫಾ ಮಾಡುವವರ ಮನೆಯಲ್ಲಿ ಸುಮ್ಮನೆ ಕೂರುವುದೂ ಒಂದು ಕೆಲಸ. ನಗಬೇಡಿ, ನಿಜ. ಮರದ ಚೌಕಟ್ಟು, ಪಟ್ಟಿ, ಸ್ಪ್ರಿಂಗು, ಸ್ಪಂಜು, ಬಟ್ಟೆ ಎಲ್ಲ ಕೂಡಿಸಿ ಮೊಳೆ ಹೊಡೆದು ಮುಗಿಸಿದ ಮೇಲೆ ಅದರ ಮೇಲೆ ಯಾರಾದರೂ ಧಪ್ಪನೆ ಕೂರಬೇಕು, ಎದ್ದು ಮತ್ತೆ ಕೂರಬೇಕು, ಅತ್ತಿತ್ತ ಸರಿದು ಎಲ್ಲಿ ಕಿರ್ರೆನ್ನುತ್ತದೆ, ಎಲ್ಲಿ ತಗ್ಗುತ್ತದೆ ಎಂದು ಹೇಳಬೇಕು. ಆ ಅಂಗಡಿಯಲ್ಲಿ ಈ ಕೆಲಸ ಸೊಸೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಅವಳನ್ನು ತಮಾಷೆಗೆಂದು ಕೂರಿಸಿದ್ದ. ಕೂತವಳೇ, "ಎಡಗಡೆ ಒಂದು ಸ್ಪ್ರಿಂಗು ಸಡಿಲ ಇದೆ" ಅಂದಳು. ಬಿಚ್ಚಿ ನೋಡಿದರೆ ನಿಜಕ್ಕೂ ಸಡಿಲ. ಅಂದಿನಿಂದ ಅವಳು ಕೂತು ನೋಡದೆ ಒಂದು ಸ್ಟೂಲು ಕೂಡ ಅಂಗಡಿಯಿಂದ ಆಚೆ ಹೋಗಿರಲಿಲ್ಲ.

ಅಂಗಡಿಯೆಂದರೆ ಮನೆಯ ಮುಂಭಾಗವೇ. ಶಟರ್ ಎತ್ತಿದರೆ ಅಂಗಡಿ, ಹಿಂದಿನ ಪರದೆ ಸರಿಸಿದರೆ ಅಡುಗೆಮನೆ. ಗಂಡ ಮರ ಕೊಯ್ದು ಮೊಳೆ ಹೊಡೆಯುತ್ತಿದ್ದ, ಸೊಸೆ ಸ್ಪಂಜು ಕತ್ತರಿಸಿ ಬಟ್ಟೆ ಎಳೆದು ಕೂರಿಸುತ್ತಿದ್ದಳು, ಅತ್ತೆ ಕಿಟಕಿಯ ಪಕ್ಕ ದೊಡ್ಡ ಹೊಲಿಗೆ ಯಂತ್ರದ ಮುಂದೆ ಪೈಪಿಂಗ್ ಹೊಲಿಯುತ್ತಿದ್ದರು. ದಿಂಬಿನ ಅಂಚಿನುದ್ದಕ್ಕೂ ಹುರಿ ತುಂಬಿದ ತೆಳ್ಳನೆಯ ಏಣು ಓಡುತ್ತದಲ್ಲ, ಅದೇ ಪೈಪಿಂಗ್. ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಸೋಫಾ ಕುಡಿದು ನಿಂತವರ ಹಾಗೆ ಕಾಣುತ್ತದೆ. ಅತ್ತೆಯ ಪೈಪಿಂಗ್ ಸೊಟ್ಟಗಾದದ್ದನ್ನು ಕಂಡವರಿಲ್ಲ. ಗಿರಾಕಿಗಳೆಲ್ಲ ಅವರನ್ನು ಪೈಪಿಂಗಮ್ಮ ಎಂದೇ ಕರೆಯುತ್ತಿದ್ದರು. ಹೊಲಿಗೆ ಎಷ್ಟು ನೇರವೋ ಬಾಯಿಯೂ ಅಷ್ಟೇ ನೇರ. ಬಣ್ಣ ಆರಿಸಲಾರದೆ ತಿಣುಕುವ ಗಿರಾಕಿಗೆ, "ಮನೆಗೆ ಸೋಫಾ ಬೇಕೋ, ಮದುವೆಗೆ ಹೆಣ್ಣು ಬೇಕೋ, ಬೇಗ ಹೇಳಿ" ಎನ್ನುತ್ತಿದ್ದರು. ಗಿರಾಕಿ ನಗುತ್ತ ಬಣ್ಣ ಹೇಳುತ್ತಿದ್ದ.

ಸೊಸೆಗೆ ಮಗಳು ಹುಟ್ಟಿದಾಗಿನಿಂದ ಒಂದು ತೊಂದರೆ ಅಂಟಿಕೊಂಡಿತ್ತು. ಕೂಸು ದಪ್ಪ, ಹೆರಿಗೆ ಕಷ್ಟದ್ದು. ಆಮೇಲೆ ಕೆಮ್ಮಿದರೆ, ಸೀನಿದರೆ, ಸೋಫಾದ ಒಂದು ತುದಿ ಎತ್ತಿದರೆ, ಜೋರಾಗಿ ನಕ್ಕರೆ, ಅವಳ ಅಪ್ಪಣೆ ಕೇಳದೆ ಮೂತ್ರ ಹೋಗಿಬಿಡುತ್ತಿತ್ತು. ಮೊದಮೊದಲು ಹನಿ, ವರ್ಷ ಕಳೆದಂತೆ ಹನಿಗಿಂತ ಜಾಸ್ತಿ. ಪ್ಯಾಡ್ ಕಟ್ಟಿಕೊಂಡಳು, ಗಾಢ ಬಣ್ಣದ ಬಟ್ಟೆಗಳನ್ನೇ ಉಟ್ಟಳು, ಎಲ್ಲಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿದೆಯೆಂದು ನೋಡಿಟ್ಟುಕೊಂಡಳು. ಗಂಡ ನಗಿಸುವುದರಲ್ಲಿ ಎತ್ತಿದ ಕೈ. ಅವನು ಬಾಯಿ ತೆರೆದರೆ ಸಾಕು, ಇವಳು ಏನೋ ನೆನಪಾದವಳಂತೆ ಒಳಗೆ ನಡೆಯುತ್ತಿದ್ದಳು. "ನನ್ನ ಹೆಂಡತಿಗೆ ನನ್ನ ಜೋಕು ಹಳೇದಾಗಿಬಿಟ್ಟಿದೆ" ಎಂದು ಅವನು ಸೋಫಾ ಸಾಗಿಸುವ ಟೆಂಪೋದವನ ಹತ್ತಿರ ಹೇಳಿಕೊಳ್ಳುತ್ತಿದ್ದ. ಹೇಳಬಹುದಿತ್ತು ಅವನಿಗೆ. ಒಳ್ಳೆಯವನೇ. ಆದರೆ ಮೈಮೇಲೆ ಹತೋಟಿಯಿಲ್ಲದವಳು ನಾನು ಎಂಬ ಮಾತನ್ನು ಯಾವ ಬಾಯಿಂದ ಹೇಳುವುದು? ನಾಚಿಕೆ ಅವಳ ಬಾಯಿಗೆ ಬೀಗ ಹಾಕಿತ್ತು.

ಇಷ್ಟೇ ಆಗಿದ್ದರೆ ಅವಳ ಕಷ್ಟ ಅವಳದು, ನಮಗೇನು. ಆದರೆ ಒಂದು ಮಧ್ಯಾಹ್ನ ಅವಳು ಮಾಡಿದ ಕೆಲಸವಿದೆಯಲ್ಲ, ಅದನ್ನು ಮುಚ್ಚಿಟ್ಟು ಕತೆ ಹೇಳಲಾಗುವುದಿಲ್ಲ.

ಪಕ್ಕದ ಬೀದಿಯ ದಂತವೈದ್ಯೆ ತನ್ನ ಆಸ್ಪತ್ರೆಗೆಂದು ಕೆನೆಬಣ್ಣದ ದೊಡ್ಡ ಸೋಫಾ ಮಾಡಿಸಿದ್ದಳು. ಹಲ್ಲುನೋವಿನವರು ಕೂರುವ ಜಾಗಕ್ಕೆ ಕೆನೆಬಣ್ಣ ಯಾಕೆಂದು ಅತ್ತೆ ಕೇಳಿಯೂ ಇದ್ದರು. ಕೆಲಸ ಮುಗಿದಿತ್ತು. ಅತ್ತೆ ಕೊನೆಯ ಬಾರಿ ಪೈಪಿಂಗಿನ ಮೇಲೆ ಬೆರಳಾಡಿಸುತ್ತ ಅದರ ಮೇಲೇ ಕೂತವರು ಸೆಕೆಗೆ ಹಾಗೇ ಜೊಂಪು ಹತ್ತಿ ಮಲಗಿದರು. ಸ್ವಲ್ಪ ಹೊತ್ತಿಗೆ ಎದ್ದು, ಮೈಯೆಲ್ಲ ಬೆವರೆಂದು ಗೊಣಗುತ್ತ ಸ್ನಾನಕ್ಕೆ ಹೋದರು. ಸೊಸೆ ಬಂದು ತನ್ನ ಕೆಲಸ ಶುರುಮಾಡಿದಳು. ಧಪ್ಪನೆ ಕೂತಳು, ಎದ್ದಳು, ಮತ್ತೆ ಕೂತಳು. ಅವತ್ತೆಲ್ಲ ಸ್ಪಂಜು ಕೊಯ್ದ ಧೂಳು ಅಂಗಡಿಯ ತುಂಬ. ಮೂಗು ತುರಿಸಿತು. ತಡೆಯಬೇಕೆಂದು ಮೂಗು ಹಿಡಿಯುವಷ್ಟರಲ್ಲಿ ಸೀನು ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪ್ಯಾಡು ಬೆಳಗ್ಗಿನದು, ಅದಾಗಲೇ ನೆನೆದಿತ್ತು. ಎದ್ದು ನೋಡಿದರೆ ಕೆನೆಬಣ್ಣದ ಮೇಲೆ ಅಂಗೈಯಗಲದ ಒದ್ದೆ.

ಬಟ್ಟೆ ತಂದು ಒತ್ತೋಣವೆಂದು ತಿರುಗಿದಳು. ಗಂಡ ಟೆಂಪೋದವನ ಜೊತೆ ಒಳಗೆ ಬಂದೇಬಿಟ್ಟ. ಅವನ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೇನೇ ಇದು?" ಅಂದ. ಬಗ್ಗಿ ಮೂಸಿದ. ಮುಖ ಎತ್ತಿ ಹೆಂಡತಿಯನ್ನು ನೋಡಿದ.

"ಅತ್ತೆ ಇಲ್ಲೇ ಮಲಗಿದ್ರು, ಈಗಷ್ಟೇ ಎದ್ದು ಹೋದ್ರು" ಅಂದಳು ಸೊಸೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆಮೇಲೆ ಅದೆಷ್ಟು ಸಲ ಅವಳು ತನಗೆ ತಾನೇ ಈ ಸಮಾಧಾನ ಹೇಳಿಕೊಂಡಳೋ. ಸುಳ್ಳಲ್ಲದ ಮಾತಿನಿಂದಲೂ ಒಬ್ಬರ ಮಾನ ತೆಗೆಯಬಹುದು ಎಂಬುದು ಗೊತ್ತಿದ್ದೇ ನಾಲಿಗೆ ಆ ಮಾತನ್ನು ಆರಿಸಿಕೊಂಡಿತ್ತು.

ಗಂಡನ ಮುಖ ಒಮ್ಮೆಲೇ ಇಳಿದುಹೋಯಿತು. ಟೆಂಪೋದವನನ್ನು ಏನೋ ನೆಪ ಹೇಳಿ ಕಳಿಸಿದ, ತಾನೇ ಬಟ್ಟೆ ಬಿಚ್ಚಿ ಹೊಸದು ಕೂರಿಸಿದ. ಅತ್ತೆ ಸ್ನಾನ ಮುಗಿಸಿ, ಉಟ್ಟಿದ್ದನ್ನೆಲ್ಲ ನೆನೆಹಾಕಿ, ತಲೆ ಒರೆಸುತ್ತ ಬಂದಾಗ ಅವನು ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಪರವಾಗಿಲ್ಲ ಅಮ್ಮ, ವಯಸ್ಸಾದ ಮೇಲೆ ಎಲ್ಲರಿಗೂ ಆಗತ್ತೆ. ನಾವೇನೂ ಅಂದ್ಕೊಳ್ಳಲ್ಲ" ಎಂದ. ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, "ನಾನಾ?" ಎಂದು ಕೇಳಿದರು. ಬಿಚ್ಚಿಟ್ಟ ಕೆನೆಬಟ್ಟೆ ನೋಡಿದರು. "ನಂಗೆ ಗೊತ್ತೇ ಆಗ್ಲಿಲ್ವಲ್ಲೋ" ಅಂದರು. ಎಂಥ ಗಿರಾಕಿಗೂ ಸೊಪ್ಪು ಹಾಕದ ಆ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಸೊಸೆ ಅದುವರೆಗೆ ಕೇಳಿರಲಿಲ್ಲ. ಪರದೆಯ ಹಿಂದೆ ನಿಂತಿದ್ದಳು ಅವಳು. ಈಗ ಹೊರಗೆ ಬಂದು ಹೇಳಿಬಿಡಬೇಕು ಅಂದುಕೊಂಡಳು. ಬರಲಿಲ್ಲ.

ಮುಂದಿನದನ್ನೆಲ್ಲ ಗಂಡ ಪ್ರೀತಿಯಿಂದಲೇ ಮಾಡಿದ, ಅದೇ ಕೇಡು. ಅಮ್ಮನ ಹಾಸಿಗೆಯ ಮೇಲೆ, ಚಾದರದ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ. "ಇಷ್ಟು ವರ್ಷ ದುಡಿದಿದ್ದು ಸಾಕು, ಒಳಗೆ ಆರಾಮಾಗಿರು" ಎಂದು ಕಿಟಕಿಯ ಪಕ್ಕದ ಕುರ್ಚಿಯಿಂದ ಎಬ್ಬಿಸಿದ. ಅತ್ತೆ ಜಗಳವಾಡಲಿಲ್ಲ. ಸೊಸೆಗೆ ಅದೇ ಹೆಚ್ಚು ಭಯ ಹುಟ್ಟಿಸಿದ್ದು. ಅವರು ಜಗಳವಾಡಿದ್ದರೆ, ಕೂಗಾಡಿದ್ದರೆ, ಹೇಗೋ ಏನೋ. ಅವರು ಬಾಯಿ ಮುಚ್ಚಿಕೊಂಡು ಎದ್ದು ಒಳಗೆ ನಡೆದರು. ಪೈಪಿಂಗ್ ಹೊರಗಿನ ದರ್ಜಿಗೆ ಹೋಯಿತು, ಸೊಟ್ಟಗಾಗಿ ಬಂತು. ಪೈಪಿಂಗಮ್ಮ ಎಲ್ಲಿ ಎಂದು ಕೇಳಿದವರಿಗೆ ಗಂಡ, "ಅವರಿಗೆ ಸ್ವಲ್ಪ ಹುಷಾರಿಲ್ಲ" ಎಂದು ದನಿ ತಗ್ಗಿಸುತ್ತಿದ್ದ. ಅತ್ತೆ, ಮದುವೆಮಾಡಿಕೊಟ್ಟ ತಮ್ಮ ಮಗಳ ಮನೆಗೆ ಹೋಗುವುದನ್ನೂ ಬಿಟ್ಟರು. ಯಾರ ಮನೆಯಲ್ಲೂ ಕೂರುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದರು. ಕೂತಲ್ಲಿಂದ ಎದ್ದಾಗೆಲ್ಲ ಒಂದು ಸಲ ಹಿಂತಿರುಗಿ ಕೂತ ಜಾಗವನ್ನು ನೋಡುತ್ತಿದ್ದರು. ಅದೊಂದನ್ನು ಸೊಸೆಗೆ ನೋಡಲಾಗುತ್ತಿರಲಿಲ್ಲ. ಇವತ್ತು ಹೇಳುತ್ತೇನೆ ಎಂದು ಎದ್ದ ದಿನಗಳೆಷ್ಟೋ, ನಾಳೆ ಹೇಳಿದರಾಯಿತು ಎಂದು ಮಲಗಿದ ದಿನಗಳೂ ಅಷ್ಟೇ.

ಹೇಳುವ ಬದಲು ಅವಳು ಡಾಕ್ಟರ ಹತ್ತಿರ ಹೋದಳು. ತನ್ನ ರೋಗ ವಾಸಿಯಾದರೆ ಇನ್ನೊಂದು ಸೋಫಾ ಒದ್ದೆಯಾಗುವುದಿಲ್ಲ, ಇನ್ನೊಂದು ಸುಳ್ಳು ಬೇಕಾಗುವುದಿಲ್ಲ, ಹಳೆಯದು ತಾನಾಗಿ ಮಣ್ಣಾಗುತ್ತದೆ ಎಂಬ ಲೆಕ್ಕ ಅವಳದು. ಮೊದಲು ಅವರು ವ್ಯಾಯಾಮ ಹೇಳಿಕೊಟ್ಟರು. ಒಳಗಿನ ಸ್ನಾಯುವನ್ನು ಬಿಗಿಹಿಡಿ, ಬಿಡು, ಬಿಗಿಹಿಡಿ, ಬಿಡು. ಅಡುಗೆ ಮಾಡುತ್ತ, ಸ್ಪಂಜು ಕತ್ತರಿಸುತ್ತ, ತಿಂಗಳುಗಟ್ಟಲೆ ಅದನ್ನೇ ಮಾಡಿದಳು. ಯಾರಿಗೂ ಕಾಣದ ಕಸರತ್ತು. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಕೊನೆಗೆ ಡಾಕ್ಟರಮ್ಮ ಶಸ್ತ್ರಚಿಕಿತ್ಸೆಯ ಮಾತು ತೆಗೆದರು.

"ಮೂತ್ರನಾಳದ ಅಡಿಗೆ ಒಂದು ತೆಳ್ಳನೆ ಟೇಪು ಹಾಕ್ತೀವಿ. ಉಯ್ಯಾಲೆ ಹಾಗೆ. ಕೆಮ್ಮಿದಾಗ ನಾಳ ಜಗ್ಗದ ಹಾಗೆ ಅದು ಆಸರೆ ಕೊಡತ್ತೆ. ಸಣ್ಣ ಗಾಯ, ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ ಹೋಗಬಹುದು."

ಸೊಸೆಗೆ ಥಟ್ಟನೆ ಅರ್ಥವಾಯಿತು. ಸೋಫಾದ ಅಡಿಗೂ ಅದೇ, ಸ್ಪ್ರಿಂಗಿಗೆ ಆಸರೆಯಾಗಿ ಎಳೆದು ಕಟ್ಟುವ ಪಟ್ಟಿ. "ಚೆನ್ನಾಗಿ ಎಳೆದು ಕಟ್ಟಿ ಡಾಕ್ಟ್ರೇ, ಆಮೇಲೆ ಜೋಲುಬೀಳತ್ತೆ" ಅಂದಳು. ಡಾಕ್ಟರಮ್ಮ ನಕ್ಕರು. "ಇದನ್ನ ಎಳೀಬಾರದು. ಎಳೆದರೆ ಮೂತ್ರ ಕಟ್ಟಿಕೊಳ್ಳತ್ತೆ. ಸಡಿಲವಾಗೇ ಬಿಡಬೇಕು, ಮೈ ತಾನಾಗಿ ಅದನ್ನ ಹಿಡ್ಕೊಳ್ಳತ್ತೆ." ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಾರೆ, ಕೆಲವರಿಗೆ ಆ ಟೇಪೇ ಒಳಗೆ ಕಾಟ ಕೊಟ್ಟು ತೆಗೆಯಬೇಕಾಗಿ ಬಂದದ್ದೂ ಉಂಟು ಎಂದೂ ಹೇಳಿದರು. ಯೋಚನೆ ಮಾಡಿ ಅಂದರು. ಅವಳು ಯೋಚನೆ ಮಾಡಲಿಲ್ಲ, ಹೂಂ ಅಂದಳು.

ಮನೆಯಲ್ಲಿ, "ಗರ್ಭಕೋಶದ್ದು ಏನೋ ಒಂದು ಸಣ್ಣ ಆಪರೇಷನ್" ಎಂದಳು. ಗಂಡಸರ ಮುಂದೆ ಆ ಒಂದು ಪದ ಹೇಳಿದರೆ ಸಾಕು, ಮುಂದೆ ಪ್ರಶ್ನೆ ಬರುವುದಿಲ್ಲ. ಗಂಡ ಗಾಬರಿಯಾಗಿ, ತಲೆದೂಗಿ, ಅಡುಗೆ ತಾನು ನೋಡಿಕೊಳ್ಳುವುದಾಗಿ ಹೇಳಿದ. ಆದರೆ ಅತ್ತೆ ಪಟ್ಟು ಹಿಡಿದರು. "ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆ ಒಬ್ಬಳೇ ಹೋಗೋದಾ? ನಾನಿನ್ನೂ ಸತ್ತಿಲ್ಲ. ನಡಿ." ಸೊಸೆ ಎಷ್ಟು ಬೇಡವೆಂದರೂ ಕೇಳಲಿಲ್ಲ. ಹಾಗೆ ಅವರಿಬ್ಬರೂ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ, ಸಾಲು ಕುರ್ಚಿಗಳ ಮುಂದೆ ಬಂದು ನಿಂತರು. ಸೊಸೆ ಕೂತಳು. ಅತ್ತೆ ಕೂರಲಿಲ್ಲ.

ನರ್ಸು ಬಾಗಿಲಲ್ಲಿ ನಿಂತು ಇಡೀ ಹಜಾರಕ್ಕೆ ಕೇಳುವಂತೆ, "ಕೆಮ್ಮಿದ್ರೆ ಯೂರಿನ್ ಹೋಗತ್ತೆ ಅಂತ ಟೇಪ್ ಹಾಕಿಸ್ಕೊಳ್ಳೋರು ಯಾರಮ್ಮ? ಬ್ಲ್ಯಾಡರ್ ತುಂಬಿದೆಯಾ?" ಎಂದು ಕೂಗಿದಳು. ಸೊಸೆಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ ಎದ್ದಳು. ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಈಗ ಎಲ್ಲ ಗೊತ್ತಾಯಿತು, ಈಗ ಎರಡಕ್ಕೆ ಎರಡು ಸೇರಿಸುತ್ತಾರೆ, ಇಲ್ಲೇ ಜನರ ಮುಂದೆ ನನ್ನ ಮುಖಕ್ಕೆ ಮಂಗಳಾರತಿ ಆಗುತ್ತದೆ ಎಂದುಕೊಂಡಳು.

ಅತ್ತೆ ಅವಳ ಕೈ ಹಿಡಿದುಕೊಂಡರು. "ನಿಂಗೂನಾ?" ಅಂದರು. ಕಣ್ಣಲ್ಲಿ ನೀರಾಡಿತು. "ಅಯ್ಯೋ ಹುಚ್ಚಿ, ನಂಗೆ ಹೇಳಬಾರದಿತ್ತಾ? ಒಂದೇ ಮನೇಲಿದ್ದು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಕೊಂಡು... ನಾನು ನೀರು ಕುಡಿಯೋದೇ ಬಿಟ್ಟಿದೀನಿ ಗೊತ್ತಾ? ಅಂಗಡಿ ಸ್ಪಂಜು ಕತ್ತರಿಸಿ ಒಳಗೆ ಇಟ್ಕೊತೀನಿ. ನಿನ್ನ ಮುಂದೆ ಹೇಳಕ್ಕೂ ನಾಚಿಕೆ ಆಗ್ತಿತ್ತು ನಂಗೆ."

ಬೈಗುಳವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದನ್ನು ಹೇಗೆ ತಡೆದುಕೊಳ್ಳುವುದು? ಕೈ ಬಿಡಿಸಿಕೊಂಡು ಒಳಗೆ ಹೋದಳು.

ಪರೀಕ್ಷೆ ಸುಲಭದ್ದು. ಮೂತ್ರ ಕಟ್ಟಿಕೊಂಡು ಮಂಚದ ಮೇಲೆ ಮಲಗಿ ಡಾಕ್ಟರ ಮುಂದೆ ಜೋರಾಗಿ ಕೆಮ್ಮಬೇಕು. ಇಷ್ಟು ವರ್ಷ ಲೋಕದಿಂದ ಮುಚ್ಚಿಟ್ಟದ್ದನ್ನು ದೀಪ ಹಾಕಿ ತೋರಿಸಬೇಕು. ಅವಳು ಮೊದಲು ಗಂಟಲಲ್ಲೇ ಕೆಮ್ಮಿದಳು, ಕೆಳಗೆ ಎಲ್ಲವನ್ನೂ ಬಿಗಿಹಿಡಿದು. "ಹೀಗೆ ಹಿಡ್ಕೊಂಡ್ರೆ ನಂಗೆ ಕಾಣೋದು ಹೇಗಮ್ಮ? ಬಿಡಿ. ಇಲ್ಲಿ ನಾಚಿಕೆ ಬೇಡ" ಎಂದರು ಡಾಕ್ಟರಮ್ಮ. ಬಿಟ್ಟಳು. ಕಂಡಿತು. ಡಾಕ್ಟರಮ್ಮ ಟಿಶ್ಯೂ ಕೊಟ್ಟು, "ಆಯ್ತು, ಅಷ್ಟೇ" ಅಂದರು.

ಬಟ್ಟೆ ಸರಿಮಾಡಿಕೊಂಡು ಪರದೆಯಾಚೆ ಬಂದರೆ ಅತ್ತೆ ಒಳಗೆ ಬಂದು ಮೇಜಿನ ಮುಂದೆ ನಿಂತಿದ್ದಾರೆ. "ಡಾಕ್ಟ್ರೇ, ನಂಗೂ ಅದೇ ತೊಂದರೆ. ನಂಗೂ ಒಂದು ಟೇಪು ಹಾಕಿಬಿಡಿ" ಎನ್ನುತ್ತಿದ್ದಾರೆ.

"ಅತ್ತೆ, ನಿಮಗ್ಯಾಕೆ ಈ ವಯಸ್ಸಲ್ಲಿ" ಎಂದು ಸೊಸೆ ನಡುವೆ ಬಾಯಿ ಹಾಕಿದಳು. ಹಾಕಿದವಳೇ ನಾಲಿಗೆ ಕಚ್ಚಿಕೊಂಡಳು. ಆಡಿದ್ದು ಅತ್ತೆಯ ಮೇಲಿನ ಕಾಳಜಿಯಲ್ಲ, ತನ್ನ ಹೆದರಿಕೆ. ಅದು ಅವಳಿಗೇ ಗೊತ್ತಿತ್ತು.

"ವಯಸ್ಸಾದ್ರೆ ಒದ್ದೆ ಬಟ್ಟೇಲಿ ಕೂತಿರಬೇಕಾ?" ಎಂದು ಅತ್ತೆ ತಿರುಗಿಬಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಹಳೆಯ ದನಿ ಅದು. ಡಾಕ್ಟರಮ್ಮನಿಗೆ ಅವರು ಹಿಡಿಸಿದರು. "ನೋಡೋಣ ಬಿಡಿ. ಅಜ್ಜಿ, ಹೊರಗೆ ನೀರಿದೆ, ಹೊಟ್ಟೆ ತುಂಬ ಕುಡಿದು ಕೂತಿರಿ. ಇನ್ನು ತಡೆಯಲ್ಲ ಅನ್ನಿಸಿದಾಗ ಬನ್ನಿ" ಎಂದರು.

ಅತ್ತೆ ಕುಡಿದರು. ಲೋಟದ ಮೇಲೆ ಲೋಟ, ಗಟಗಟನೆ. "ಎಷ್ಟು ದಿನ ಆಗಿತ್ತೋ ಹೀಗೆ ಕುಡಿದು" ಎನ್ನುತ್ತ ಬಾಯಿ ಒರೆಸಿಕೊಂಡರು. ಸೊಸೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಈಗ ಹೇಳಿದರೆ ಈ ಪರೀಕ್ಷೆಯ ಅವಮಾನವಾದರೂ ಅವರಿಗೆ ತಪ್ಪುತ್ತದೆ. ಈಗ. ಈ ಲೋಟ ಮುಗಿಯಲಿ. ಆ ಹೆಂಗಸು ದಾಟಿ ಹೋಗಲಿ. ಅತ್ತೆ ಎದ್ದು, "ಬಾ, ಇನ್ನು ತಡೆಯಲ್ಲ" ಎಂದರು.

ಪರದೆಯ ಒಳಗೆ ಅತ್ತೆ, ಡಾಕ್ಟರಮ್ಮ. ಹೊರಗೆ ಸ್ಟೂಲಿನ ಮೇಲೆ ಸೊಸೆ. "ಕೆಮ್ಮಿ ಅಜ್ಜಿ." ಅತ್ತೆ ಕೆಮ್ಮಿದರು. "ಇನ್ನೂ ಜೋರಾಗಿ." ಇಡೀ ಕೋಣೆ ಅದುರುವಂತೆ ಕೆಮ್ಮಿದರು. "ಈಗ ಎದ್ದು ನಿಂತು, ಕಾಲು ಅಗಲಿಸಿ ಕೆಮ್ಮಿ." ಮತ್ತೆ ಕೆಮ್ಮು.

"ಒಂದು ಹನಿಯೂ ಇಲ್ಲವಲ್ಲ ಅಜ್ಜಿ. ನಿಮಗೇನೂ ಆಗಿಲ್ಲ. ಹುಡುಗಿ ಹಾಗಿದೀರ."

"ಸರಿಯಾಗಿ ನೋಡಿ ಡಾಕ್ಟ್ರೇ."

"ನೋಡಿದೆ. ದಿನಾ ಹೋಗತ್ತಾ? ಎಷ್ಟು ಸಲ ಹೋಗಿದೆ?"

"ಒಂದೇ ಸಲ." ಅತ್ತೆಯ ದನಿ ನಿಧಾನವಾಯಿತು. "ಸೋಫಾ ಮೇಲೆ ಮಲಗಿದ್ದಾಗ. ಆಮೇಲೆ ಒಂದು ದಿನವೂ ಇಲ್ಲ. ನಾನು ಪ್ರತಿ ಸಲ ನೋಡ್ಕೊತೀನಿ, ಒಣಗೇ ಇರತ್ತೆ."

"ಎದ್ದಾಗ ಬಟ್ಟೆ ಒದ್ದೆಯಾಗಿತ್ತಾ?"

"ಬೆವರಿತ್ತು. ಒದ್ದೆ... ನಂಗೆ ಗೊತ್ತಾಗ್ಲಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ. ಆಮೇಲೆ ಕೂತು ನೋಡಿದ್ದು ನನ್ನ ಸೊಸೇನೇ..."

ಅಲ್ಲಿಗೆ ಮಾತು ನಿಂತಿತು. ಸೊಸೆ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಡಾಕ್ಟರಮ್ಮ, "ಶೌಚಾಲಯ ಆ ಕಡೆ ಇದೆ ಅಜ್ಜಿ, ಆರಾಮಾಗಿ ಹೋಗಿಬನ್ನಿ" ಎಂದರು. ಅತ್ತೆ ಹೊರಗೆ ಬಂದರು. ಸೊಸೆಯ ಮುಂದೆ ಒಂದು ಗಳಿಗೆ ನಿಂತರು. ಅವಳು ಮುಖ ಎತ್ತಲಿಲ್ಲ. ಅವರು ನಡೆದುಹೋದರು.

ಮನೆಗೆ ಬಂದ ಮೇಲೆ ಅತ್ತೆ ಹಾಸಿಗೆಯ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಮಡಿಸಿ ಮೂಲೆಗೆ ಎಸೆದರು. ಮಗ ನೋಡಿ, "ಯಾಕಮ್ಮ, ಇರಲಿ ಬಿಡು, ಸೇಫ್" ಎಂದು ಮತ್ತೆ ಹಾಸಿದ. ಅತ್ತೆ ಅವನನ್ನು ನೋಡಿದರು, ಅಡುಗೆಮನೆಯಲ್ಲಿದ್ದ ಸೊಸೆಯನ್ನು ನೋಡಿದರು, ಏನೂ ಹೇಳದೆ ಆ ಹಾಳೆಯ ಮೇಲೇ ಮಲಗಿದರು. ಶಸ್ತ್ರಚಿಕಿತ್ಸೆಯ ದಿನ ಬರುವವರೆಗೂ ಮನೆಯಲ್ಲಿ ಹೀಗೇ ನಡೆಯಿತು. ಸೊಸೆ ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಕೇಳಿದ್ದಕ್ಕೆ ಹೂಂ, ಉಹೂಂ. ಗೊತ್ತಾಗಿದೆಯೋ ಇಲ್ಲವೋ ಎಂದು ಅನುಮಾನಪಡುವಷ್ಟು ದಡ್ಡಿ ಅವಳಲ್ಲ. ಗೊತ್ತಾಗಿದೆ. ಗೊತ್ತಾಗಿಯೂ ಯಾಕೆ ಸುಮ್ಮನಿದ್ದಾರೆ ಎಂಬುದೇ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ದಿನ ಬೆಳಗ್ಗೆ ಅತ್ತೆಯೇ ಚೀಲ ಹಿಡಿದು ಮೊದಲು ಟೆಂಪೋ ಹತ್ತಿದರು. ಗಂಡ ಇಬ್ಬರನ್ನೂ ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಬೆನ್ನಿಗೆ ಸೂಜಿ ಚುಚ್ಚಿದರು, ಸೊಂಟದಿಂದ ಕೆಳಗೆ ಮೈ ತನ್ನದಲ್ಲದಂತಾಯಿತು. ಹಸಿರು ಬಟ್ಟೆಯ ಆಚೆ ಡಾಕ್ಟರಮ್ಮ ನರ್ಸಿನ ಜೊತೆ ಕತ್ತರಿ ಕೊಡು, ದಾರ ಕೊಡು ಎನ್ನುತ್ತಿದ್ದದ್ದು ಅವಳಿಗೆ ಅಂಗಡಿಯ ಮಾತುಗಳಂತೆಯೇ ಕೇಳಿಸಿತು. ನೋವಿರಲಿಲ್ಲ. ಎಚ್ಚರವಾಗಿ ಮಲಗಿ ಚಾವಣಿ ನೋಡುವಾಗ ತಪ್ಪಿಸಿಕೊಳ್ಳಲು ಯಾವ ಕೆಲಸವೂ ಇರುವುದಿಲ್ಲ. ನನ್ನದನ್ನು ಹೊಲಿದು ಸರಿಮಾಡುತ್ತಿದ್ದಾರೆ, ಅವರದನ್ನು ಹರಿದು ಹಾಕಿದವಳು ನಾನು ಎಂದು ಅಲ್ಲಿ ಮಲಗಿಯೇ ಅತ್ತಳು. ನರ್ಸು ನೋವಾಗುತ್ತಿದೆಯಾ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಕಾಲಿಗೆ ಜೀವ ಬಂತು. ಮೂತ್ರಕ್ಕೆಂದು ಹಾಕಿದ್ದ ನಳಿಕೆ ತೆಗೆದರು. ಇನ್ನು ತಾನಾಗಿ ಮೂತ್ರ ಹೋಗಬೇಕು, ಹೋದದ್ದನ್ನು ಅಳೆಯಬೇಕು, ಹೋಗದಿದ್ದರೆ ಮನೆಗೆ ಕಳಿಸುವುದಿಲ್ಲ. ನರ್ಸು ಅಳತೆಯ ಪಾತ್ರೆ ಕೊಟ್ಟು, "ತಲೆ ತಿರುಗಬಹುದು, ಚಿಲಕ ಹಾಕಬೇಡಿ. ಅಜ್ಜಿ, ನೀವು ಬಾಗಿಲ ಹತ್ತಿರ ನಿಂತಿರಿ" ಎಂದು ಹೋದಳು.

ಅತ್ತೆ ಅವಳ ತೋಳು ಹಿಡಿದು ಮೆಲ್ಲಗೆ ಕೂರಿಸಿದರು. ಬಟ್ಟೆ ಎತ್ತಿ ಹಿಡಿದರು. ಬಾಗಿಲು ಅರ್ಧ ಎಳೆದುಕೊಂಡು ಆಚೆ ನಿಂತರು. ವರ್ಷಗಟ್ಟಲೆ ಬೇಡವೆಂದರೂ ಹೋಗುತ್ತಿದ್ದದ್ದು ಈಗ ಬೇಕೆಂದರೂ ಹೋಗಲಿಲ್ಲ. ಅತ್ತೆ ಕೈ ಚಾಚಿ ನಲ್ಲಿ ತಿರುಗಿಸಿದರು. ನೀರಿನ ಸದ್ದು.

"ಅತ್ತೆ" ಎಂದಳು ಸೊಸೆ. "ಅವತ್ತು ಸೋಫಾ..."

"ಯಾವ ಸೋಫಾ?"

"ದಂತವೈದ್ಯೆಯದು."

"ಹೂಂ. ಏನು ಅದು?"

ಬಿಡುವುದಿಲ್ಲ ಇವರು. ಅರ್ಧ ಹೇಳಿ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಸೊಸೆ ಎರಡೂ ಮೊಣಕಾಲುಗಳ ಮೇಲೆ ಕೈಯೂರಿ, ನೆಲ ನೋಡುತ್ತ ಹೇಳಿದಳು. "ಒದ್ದೆ ಮಾಡಿದ್ದು ನಾನು. ಕೂತು ನೋಡ್ತಿದ್ದೆ, ಸೀನು ಬಂತು. ಅವರು ಬಂದು ಕೇಳಿದಾಗ ನೀವು ಮಲಗಿದ್ರಿ ಅಂದೆ. ನಿಮ್ಮ ಮೇಲೆ ಹೋಗತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ನಲ್ಲಿ ಹರಿಯುತ್ತಲೇ ಇತ್ತು. ಅತ್ತೆ ಅದನ್ನು ನಿಲ್ಲಿಸಿದರು.

"ನಂಗೆ ಬುದ್ಧಿ ಕೆಡ್ತಿದೆ ಅಂದ್ಕೊಂಡಿದ್ದೆ ಕಣೆ" ಎಂದರು. "ಮೈ ಒದ್ದೆಯಾದದ್ದೂ ಗೊತ್ತಾಗದ ಹಾಗಾಗೋಯ್ತಲ್ಲ, ಇನ್ನು ನಾಳೆ ನಿಮ್ಮ ಹೆಸರೂ ಮರೀತೀನೇನೋ ಅಂತ. ನಿದ್ದೆ ಬರ್ತಿರಲಿಲ್ಲ."

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅನ್ನೋದು ನಂಗಲ್ಲ. ಅವನಿಗೆ ಹೇಳು, ನಿನ್ನ ಗಂಡ ಅಂತ ಅಲ್ಲ, ನನ್ನ ಮಗ ಅಂತ."

"ಪರೀಕ್ಷೆ ದಿನಾನೇ ನೀವೇ ಹೇಳಿಬಿಡಬಹುದಿತ್ತಲ್ಲ..."

"ನಾನು ಹೇಳಿದ್ರೆ? ಮುದುಕಿ ತನ್ನದನ್ನ ಸೊಸೆ ತಲೆಗೆ ಕಟ್ತಾಳೆ ಅಂತಾನೆ. ನನ್ನ ಮಾತು ಯಾರು ನಂಬ್ತಾರೆ ಈಗ? ನಂಬೋ ಹಾಗೆ ಉಳಿಸಿದೀಯಾ ನೀನು?" ಬಾಗಿಲು ಪೂರ್ತಿ ತೆರೆದು ಅವಳ ತೋಳು ಹಿಡಿದು ಎಬ್ಬಿಸಿದರು. "ಎದ್ದು ಸ್ವಲ್ಪ ಓಡಾಡು. ಆಮೇಲೆ ಹೋಗತ್ತೆ."

ಹೋಯಿತು, ಎರಡನೆಯ ಸಲಕ್ಕೆ. ನರ್ಸು ಅಳತೆ ನೋಡಿ, ಹೊಟ್ಟೆಯ ಮೇಲೆ ಯಂತ್ರವಿಟ್ಟು, ಒಳಗೆ ಹೆಚ್ಚೇನೂ ಉಳಿದಿಲ್ಲವೆಂದು ಹೇಳಿ, ಸಂಜೆ ಮನೆಗೆ ಹೋಗಬಹುದೆಂದಳು. ಭಾರ ಎತ್ತಬಾರದು, ಕೆಲವು ವಾರ ಎಳೆಯುವ ಕೆಲಸ ಮಾಡಬಾರದು ಎಂದಳು. ಸೊಸೆ ಎಲ್ಲಕ್ಕೂ ತಲೆಯಾಡಿಸಿದಳು, ಕಿವಿಗೆ ಏನೂ ಬೀಳಲಿಲ್ಲ.

ಗಂಡ ಸಂಜೆ ನಗುತ್ತಲೇ ಬಂದ. "ಏನಮ್ಮ, ರೋಗಿ ಯಾರು, ನೋಡ್ಕೊಳ್ಳೋರು ಯಾರು? ಅವಳ ಮುಖಕ್ಕಿಂತ ನಿನ್ನ ಮುಖಾನೇ ಸಪ್ಪೆ ಇದೆ" ಎಂದು ಅಮ್ಮನ ಭುಜ ತಟ್ಟಿದ. ಮನೆಯಿಂದ ಬರುವಾಗಲೇ ಮಡಿಸಿ ತಂದಿದ್ದ ಪ್ಲಾಸ್ಟಿಕ್ ಹಾಳೆ ಕಂಕುಳಲ್ಲಿತ್ತು. "ಟೆಂಪೋ ಸೀಟಿಗೆ" ಎಂದು ಅಮ್ಮನಿಗೆ ಮಾತ್ರ ಕೇಳುವಂತೆ ಹೇಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದದ್ದು.

ಸೊಸೆ ಹಾಸಿಗೆಯಲ್ಲಿ ಎದ್ದು ಕೂತಳು. ಪಕ್ಕದ ಮಂಚದವಳು ನೋಡುತ್ತಿದ್ದಳು, ಅವಳ ಗಂಡನೂ ನೋಡುತ್ತಿದ್ದ. ನೋಡಲಿ. "ಅದು ಬೇಡ" ಎಂದಳು. "ಅತ್ತೆಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ಆ ಸೋಫಾ ಒದ್ದೆ ಮಾಡಿದ್ದು ನಾನು. ನಂಗೆ ಇವತ್ತು ಮಾಡಿದ ಆಪರೇಷನ್ನೂ ಅದಕ್ಕೇ. ಗರ್ಭಕೋಶ ಅಂತ ಹೇಳಿದ್ದೂ ಸುಳ್ಳು."

ಅವನು ಹೆಂಡತಿಯನ್ನು ನೋಡಿದ, ಅಮ್ಮನನ್ನು ನೋಡಿದ. ಕೈಯ ಹಾಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ. ಮೊದಲು ಬಂದದ್ದು ಸಿಟ್ಟು. "ಅಲ್ಲ ಕಣೆ, ಇಷ್ಟು ದಿನ... ಅಮ್ಮಾ, ನಂಗೇನು ಗೊತ್ತು? ಇವಳು ಹೇಳಿದ್ದಕ್ಕೆ ನಾನು..."

"ಅವಳು ಹೇಳಿದ್ದು ಏನು?" ಎಂದರು ಅತ್ತೆ. "ನಾನು ಅಲ್ಲಿ ಮಲಗಿ ಎದ್ದು ಹೋದೆ ಅಂತ. ಅಷ್ಟೇ. ಮಿಕ್ಕಿದ್ದು ನೀನು ಸೇರಿಸಿಕೊಂಡೆ."

ಅವನು ಹಾಳೆಯನ್ನು ಇನ್ನೂ ಬಿಗಿಯಾಗಿ ಬೆನ್ನಿಗೆ ಒತ್ತಿಕೊಂಡ. ಅತ್ತೆ ನಿಲ್ಲಿಸಲಿಲ್ಲ.

"ಅವಳಿಗೆ ನಾಚಿಕೆ ಆಯ್ತು, ನನ್ನ ಹಿಂದೆ ಬಚ್ಚಿಟ್ಕೊಂಡ್ಲು. ನಿಂಗೇನಾಗಿತ್ತೋ? ಅಮ್ಮ, ನೀನು ಮಾಡಿದ್ಯಾ ಅಂತ ಒಂದು ಮಾತು ಕೇಳಿದ್ಯಾ? ಕೇಳಲೇ ಇಲ್ಲ. ಪರವಾಗಿಲ್ಲ ಅಂದೆ. ಮುದುಕಿ ತಾನೇ, ಅವಳೇ ಇರಬೇಕು ಅಂದ್ಕೊಂಡೆ. ಅಷ್ಟು ಸುಲಭಾನಾ ನಿಂಗೆ, ನನ್ನ ಬಗ್ಗೆ ನಂಬೋದು?"

ಅಷ್ಟರಲ್ಲಿ ಅವರ ದನಿ ಒಡೆಯಿತು. ಆರೋಪ ಬಂದ ದಿನ ಅಳದವರು, ಕುರ್ಚಿಯಿಂದ ಎಬ್ಬಿಸಿದ ದಿನ ಅಳದವರು, ಆ ಜನರ ನಡುವೆ ಮಂಚದ ಕಂಬಿ ಹಿಡಿದು ನಿಂತು ಅತ್ತರು. ಮಗ "ಅಮ್ಮಾ" ಎಂದ. ನಗಿಸುವುದೊಂದೇ ಗೊತ್ತಿದ್ದ ಬಾಯಿ ಅದು, ಸುಮ್ಮನೆ ತೆರೆದೇ ಇತ್ತು.

ಸೊಸೆ ಕೈ ಚಾಚಿ ಅತ್ತೆಯ ಕೈ ಮುಟ್ಟಿದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಬೇಡ. ಇವತ್ತು ಬೇಡ" ಎಂದರು.

ಅವಳು ಕೈ ಮಡಿಲಲ್ಲಿಟ್ಟುಕೊಂಡಳು. ತಡೆಯಲಾಗದೆ ಬಿಕ್ಕಿದಳು, ಮತ್ತೆ ಬಿಕ್ಕಿದಳು, ಮೈಯೆಲ್ಲ ಕುಲುಕುವಂತೆ ಬಿಕ್ಕಿದಳು. ಕೆಳಗೆ ಒಂದು ಹನಿಯೂ ಹೋಗಲಿಲ್ಲ. ಈ ಹೊತ್ತಿನಲ್ಲೂ ಅದನ್ನು ಗಮನಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಮುಖ ಮುಚ್ಚಿಕೊಂಡಳು.